ಜುಮ್ಮಾ ಅಡ್ಜಸ್ಟ್

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಮೊದಲು ಕೆಲಸದ ನೆವ ಇತ್ತು. ಆಮೇಲೆ ಮೊಣಕಾಲು ನೋವಿನ ನೆವ. ನೆವಗಳೆಲ್ಲ ಮುಗಿದ ಮೇಲೂ ಬರೆಯಲಿಲ್ಲ. ಹೆದರಿಕೆ ಇತ್ತು, ಅಷ್ಟೇ. ಈಗ ಹೆದರಿಕೆ ಹೋಗಿದೆ ಎಂದಲ್ಲ. ಅದು ಇದ್ದಲ್ಲೇ ಇರಲಿ, ನಾನು ಬರೆಯುತ್ತೇನೆ. ಓದಿ ಯಾರಿಗೆ ಬೇಸರವಾದರೂ ನನಗೇನೂ ಅಡ್ಡಿಯಿಲ್ಲ.

ನಾನು ಈಗ ಮಸ್ಕತ್ತಿನ ಹಮ್ರಿಯಾದಲ್ಲಿ, ತಂಗಿಯ ಮಗನ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಹಗಲು ಕೂರುವವನು. ಮೊನ್ನೆ ಅವನ ಮಗಳು ಶಾಲೆಯ ಹೋಂವರ್ಕ್ ಹಿಡಿದುಕೊಂಡು ಅಂಗಡಿಗೇ ಬಂದಳು. ‘ಅಡ್ಜಸ್ಟ್’ ಎನ್ನುವ ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಹಾಕಿ ವಾಕ್ಯ ಮಾಡಬೇಕಂತೆ. ಕನ್ನಡಕ ಅಡ್ಜಸ್ಟ್ ಮಾಡುವುದು, ಹೊಸ ಊರಿಗೆ ಅಡ್ಜಸ್ಟ್ ಆಗುವುದು ಆಗಲೇ ಬರೆದಾಗಿತ್ತು.

“ಅಜ್ಜ, ಎನಿ ಸೆಂಟೆನ್ಸ್. ಕ್ವಿಕ್,” ಎಂದಳು.

ಅವಳ ಅಪ್ಪ ಗಲ್ಲಾದಲ್ಲಿ ಕೂತೇ ನಕ್ಕ. “ಸರಿಯಾದವರನ್ನೇ ಹಿಡಿದೆ ನೀನು. ಮಾಮ ಗಲ್ಫಿನಲ್ಲಿ ಇಷ್ಟು ವರ್ಷ ಬದುಕಿದ್ದೇ ಆ ಒಂದು ಇಂಗ್ಲಿಷಿನಲ್ಲಿ.”

ಅವನು ತಮಾಷೆಗೆ ಹೇಳಿದ. ಆದರೆ ಅದು ಸುಳ್ಳಲ್ಲ. ಹೈಸ್ಕೂಲು ಮುಗಿಸಿ ಬಂದ ನನಗೆ ಇಲ್ಲಿ ಮೊದಲು ಕಲಿಸಿದ ಪದ ಅದು. ತುಂಬಿದ ರೂಮಿನಲ್ಲಿ ಇನ್ನೊಂದು ಮಂಚ ತೂರಿಸುವುದು ಅಡ್ಜಸ್ಟ್. ಸ್ಪಾನರ್ ತೆಗೆದು ಬೆಲ್ಟನ್ನು ಬಿಗಿ ಮಾಡುವುದೂ ಅಡ್ಜಸ್ಟ್. ಊರಿನಲ್ಲಿ ತಂಗಿಯ ಮದುವೆ ಇದ್ದಾಗ ರಜೆ ಸಿಗದವನ ಹೆಗಲ ಮೇಲೆ ಕೈ ಹಾಕಿ ನಾವು ಹೇಳುತ್ತಿದ್ದುದು ಅದನ್ನೇ. ಪಠಾಣನಿಗೂ ಬಂಗಾಳಿಗೂ ಮಲಯಾಳಿಗೂ ವೀಸಾ ಕೊಟ್ಟ ಅರಬ್ ಮಾಲೀಕ ಕಫೀಲನಿಗೂ ಅರ್ಥವಾಗುವ ಪದ. ಯಾರೂ ಅದಕ್ಕೆ ಎದುರು ಹೇಳುವ ಹಾಗಿಲ್ಲ. ಹೇಳಿದವನು ಸಣ್ಣ ಮನಸ್ಸಿನವನಾಗುತ್ತಾನೆ.

ಹುಡುಗಿಗೆ “ಫ್ಯಾನ್ ಸ್ಪೀಡ್ ಅಡ್ಜಸ್ಟ್ ಮಾಡಿದೆ” ಎಂದು ಒಂದು ವಾಕ್ಯ ಕೊಟ್ಟು ಕಳಿಸಿದೆ. ನಿಜವಾಗಿ ಕೊಡಬೇಕಿದ್ದ ವಾಕ್ಯ ಬೇರೆ ಇತ್ತು. ಅದು ಒಮಾನಿನ ಉತ್ತರ ತುದಿಯ ಖಸಬ್ ಎಂಬ ಊರಿನದು.

ಖಸಬಿನ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ನಾನು ಫೋರ್ಮನ್ ಆಗಿದ್ದೆ. ಹಿಂದೆ ಬೋಳು ಬೆಟ್ಟ, ಮುಂದೆ ದೋಣಿಗಳು. ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿ ತಗಡಿನ ಡಬ್ಬಗಳನ್ನು ಸಾಲಾಗಿ ಇಳಿಬಿಟ್ಟು, ಡಬ್ಬದೊಳಗಿನ ಸಿಹಿನೀರನ್ನು ಗಡ್ಡೆ ಕಟ್ಟಿಸುವ ಹಳೆಯ ಕಾಲದ ಪ್ಲಾಂಟು. ಆ ಉಪ್ಪುನೀರನ್ನು ಕೊರೆಯುವಂತೆ ತಣ್ಣಗಿಡುವುದು ಅಮೋನಿಯಾ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಒತ್ತಿದಾಗ ಬಿಸಿಯಾದ ಅನಿಲವನ್ನು ಕಂಡೆನ್ಸರಿನ ಕೊಳವೆಗಳ ಮೇಲೆ ನೀರು ಸುರಿದು ತಣಿಸಬೇಕು. ಅಲ್ಲಿಯ ಬಾವಿನೀರು ಗಡಸು. ಕೊಳವೆಗಳ ಮೇಲೆ ಸುಣ್ಣದ ಪದರ ಕಟ್ಟುತ್ತಿತ್ತು. ಪದರ ದಪ್ಪವಾದಷ್ಟೂ ಅನಿಲ ತಣಿಯುವುದಿಲ್ಲ, ಒತ್ತಡ ಏರುತ್ತದೆ. ಜುಲೈ ತಿಂಗಳ ಮಧ್ಯಾಹ್ನ ಗೇಜಿನ ಮುಳ್ಳು ಕೆಂಪು ಗೆರೆಯ ಹತ್ತಿರವೇ ನಡುಗುತ್ತಿತ್ತು.

ಒತ್ತಡ ಮಿತಿ ಮೀರಿದರೆ ಮೋಟಾರನ್ನು ತಾನಾಗಿ ನಿಲ್ಲಿಸುವ ಒಂದು ಸಣ್ಣ ಡಬ್ಬಿ ಇರುತ್ತದೆ. ಕಟೌಟ್ ಎನ್ನುತ್ತೇವೆ. ಆ ಮಿತಿ ಎಷ್ಟು ಎಂದು ಇಡುವುದು ಅದರ ತಲೆಯ ಮೇಲಿನ ಒಂದು ಸ್ಕ್ರೂ. ಸರಿಯಾದ ದಾರಿ ಏನೆಂದರೆ, ಕಟೌಟ್ ಪದೇ ಪದೇ ಬಿದ್ದು ಮೋಟಾರು ನಿಂತರೆ ಪ್ಲಾಂಟು ನಿಲ್ಲಿಸಿ ಕಂಡೆನ್ಸರನ್ನು ಆಸಿಡ್ ಹಾಕಿ ತೊಳೆಯಬೇಕು. ನಿಲ್ಲಿಸಿದರೆ ಐಸು ಇಲ್ಲ. ಐಸು ಇಲ್ಲದಿದ್ದರೆ ದೋಣಿಯವರು ಪಿಕಪ್ ತಂದು ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ. ಹಾಗಾಗಿ ನಾವು ಸ್ಕ್ರೂವನ್ನು ಕಾಲು ಸುತ್ತು ಏರಿಸುತ್ತಿದ್ದೆವು. ಡಬ್ಬಿಯ ಮೇಲಿನ ಅಂಕಿಗಳು ಉಪ್ಪುಗಾಳಿಗೆ ಮಂಕಾಗಿ ಕಾಣುತ್ತಲೇ ಇರಲಿಲ್ಲ. ಕೈ ಅಂದಾಜಿನ ಕಾಲು ಸುತ್ತು. ಇದಕ್ಕೂ ಹೆಸರು ಅಡ್ಜಸ್ಟ್.

ಇದರಲ್ಲೊಂದು ಪದ್ಧತಿ ಇತ್ತು. ಏರಿಸಿದವನೇ ತನ್ನ ಡ್ಯೂಟಿ ಮುಗಿಯುವ ಮೊದಲು ಇಳಿಸಿ ಹೋಗಬೇಕು. ಮುಂದೆ ಬರುವವನಿಗೆ ಹೇಳಬಾರದು. ಹೇಳಿದರೆ ಅವನನ್ನೂ ತಪ್ಪಿನಲ್ಲಿ ಸೇರಿಸಿಕೊಂಡ ಹಾಗೆ. ಹೇಳದಿದ್ದರೆ ಅವನು ಶುದ್ಧ. ಅದನ್ನು ನಾವು ಮರ್ಯಾದೆ ಎಂದುಕೊಂಡಿದ್ದೆವು. ಈ ಪದ್ಧತಿಯನ್ನು ಹಾಕಿಕೊಟ್ಟವನು ನಾನೇ. ಅದಕ್ಕಾಗಿ ನನ್ನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ನನ್ನ ನಂತರದ ಡ್ಯೂಟಿ ಒಬ್ಬ ಆಪರೇಟರನದು. ನಮ್ಮ ಕರಾವಳಿಯವನೇ, ಮೀನುಗಾರರ ಮನೆಯವನು, ನನಗಿಂತ ತುಂಬ ಚಿಕ್ಕವನು. ನಾನು ಬ್ಯಾರಿ. ನಾವಿಬ್ಬರೂ ತುಳು, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ಶುಕ್ರವಾರ ನಾನು ಜುಮ್ಮಾ ನಮಾಜಿಗೆ ಹೋಗಲೆಂದು ಅವನು ತನ್ನ ಡ್ಯೂಟಿಗೆ ಮೊದಲೇ ಬಂದು ಮಷಿನ್ ನೋಡಿಕೊಳ್ಳುತ್ತಿದ್ದ. ಅಷ್ಟಮಿಗೆ, ದೀಪಾವಳಿಗೆ ಅವನ ಡ್ಯೂಟಿಯಲ್ಲಿ ನಾನು ನಿಲ್ಲುತ್ತಿದ್ದೆ. ಕಂಪನಿಗೆ ಇದು ಗೊತ್ತಿರಲಿಲ್ಲ. ಅದಕ್ಕೆ ‘ಜುಮ್ಮಾ ಅಡ್ಜಸ್ಟ್’ ಎಂದು ಹೆಸರಿಟ್ಟವನು ಅವನೇ.

“ಕಾಕ, ನಿಮ್ಮ ಪುಣ್ಯದಲ್ಲಿ ನನಗೂ ಪಾಲು ಉಂಟಲ್ವಾ?” ಎಂದು ಕೇಳುತ್ತಿದ್ದ.

“ಎಂಥದಕ್ಕೆ?”

“ಎಂಥದಕ್ಕೆ ಅಂದ್ರೆ? ನೀವು ಅಲ್ಲಿ ತಣ್ಣಗೆ ಎಸಿಯಲ್ಲಿ ನಮಾಜು, ನಾನಿಲ್ಲಿ ಬೆಂದು ಬದನೆಕಾಯಿ. ಮೇಲಿನವನು ನೋಡುವುದಿಲ್ವಾ ಮಾರಾಯ್ರೆ?”

ಆ ಶುಕ್ರವಾರ ಬೆಳಗ್ಗಿನಿಂದಲೇ ಗಾಳಿ ಇರಲಿಲ್ಲ. ಕಟೌಟ್ ಬಿತ್ತು. ರೀಸೆಟ್ ಒತ್ತಿ, ಸ್ಕ್ರೂ ಕಾಲು ಸುತ್ತು ಏರಿಸಿದೆ. ಮತ್ತೆ ಬಿತ್ತು. ಗೇಟಿನ ಹತ್ತಿರ ಮೀನುಗಾರರು “ತಲ್ಜ್! ತಲ್ಜ್!” ಎಂದು ಐಸಿಗಾಗಿ ಕೂಗುತ್ತಿದ್ದರು. ಇನ್ನೂ ಕಾಲು ಸುತ್ತು ಕೊಟ್ಟೆ. ಒಟ್ಟು ಅರ್ಧ. ಹಾಗೆ ನಾನು ಹಿಂದೆಂದೂ ಮಾಡಿರಲಿಲ್ಲ. ಸೇಫ್ಟಿ ವಾಲ್ವ್ ಇದೆಯಲ್ಲ ಎಂಬ ಧೈರ್ಯ. ಮಷಿನ್ ನಿಲ್ಲದೆ ಓಡಿತು.

ಅಷ್ಟರಲ್ಲಿ ಆಪರೇಟರ್ ಬಂದ. ಬಾಂಗಿನ ದನಿ ಕೇಳಿಸುತ್ತಿತ್ತು.

“ಹೋಗಿ ಕಾಕ, ಯಲ್ಲಾ. ಲೇಟಾದ್ರೆ ಹಿಂದಿನ ಸಾಲಿನಲ್ಲಿ ಚಪ್ಪಲಿ ಕಾಯ್ಬೇಕಾಗ್ತದೆ.”

“ಮುಳ್ಳು ಸ್ವಲ್ಪ ಮೇಲೆ ಉಂಟು. ನೋಡಿಕೋ.”

“ಮುಳ್ಳು ಯಾವಾಗ ಕೆಳಗಿತ್ತು? ನಾನಿಲ್ವಾ?”

ಕೈಕಾಲು ತೊಳೆದು ಹೊರಟೆ. ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೆನಪಾಯಿತು: ಸ್ಕ್ರೂ ಇಳಿಸಿಲ್ಲ. ಫೋನು ಜೇಬಿನಲ್ಲಿತ್ತು. ಮಾಡಬಹುದಿತ್ತು. ಆದರೆ ಹೇಳುವ ಪದ್ಧತಿ ಇಲ್ಲವಲ್ಲ! ನನ್ನ ಪದ್ಧತಿಯನ್ನು ನಾನೇ ಮುರಿಯುವುದೇ? ಅದೂ ಅರ್ಧ ಸುತ್ತು ಕೊಟ್ಟಿದ್ದೇನೆ ಎಂದು ಕಿರಿಯವನ ಮುಂದೆ ಒಪ್ಪಿಕೊಂಡು? ನಮಾಜು ಮುಗಿದ ಕೂಡಲೇ ಹೋಗುತ್ತೇನಲ್ಲ ಎಂದುಕೊಂಡು ಫೋನನ್ನು ಸೈಲೆಂಟ್ ಮಾಡಿ ಒಳಗೆ ಹೋದೆ. ಅವತ್ತು ನಾನು ಏನು ಪ್ರಾರ್ಥಿಸಿದೆನೋ ನನಗೆ ಗೊತ್ತಿಲ್ಲ. ತುಟಿ ಮಾತ್ರ ಆಡಿತು.

ವಾಪಸು ಬರುವಾಗ ರಸ್ತೆಯ ತಿರುವಿನಲ್ಲೇ ವಾಸನೆ ಬಡಿಯಿತು. ಮೂಗಿಗಲ್ಲ, ಕಣ್ಣಿಗೆ. ಪ್ಲಾಂಟಿನ ಬಾಗಿಲಿನಿಂದ ಬಿಳಿ ಮೋಡ ಹೊರಳುತ್ತಿತ್ತು. ಐಸ್ ಎಳೆಯುವ ಬಂಗಾಳಿಗಳು ಒದ್ದೆ ಲುಂಗಿಯನ್ನು ಮುಖಕ್ಕೆ ಕಟ್ಟಿಕೊಂಡು “ಪಾನಿ ಡಾಲೋ, ಪಾನಿ!” ಎಂದು ಕಿರುಚುತ್ತಿದ್ದರು. ಆಪರೇಟರನನ್ನು ನೆಲದ ಮೇಲೆ ಕೂರಿಸಿ ಪೈಪಿನ ನೀರನ್ನು ಮುಖಕ್ಕೆ ಬಿಡುತ್ತಿದ್ದರು. ಆದದ್ದಿಷ್ಟು: ಕಂಪ್ರೆಸರಿನಿಂದ ಹೊರಡುವ ಕೊಳವೆಯ ಜಾಯಿಂಟಿನಲ್ಲಿ ಸೋರದಂತೆ ಕೂರಿಸಿದ್ದ ಹಳೆಯ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ತೆರೆಯುವ ಮೊದಲೇ ಒಡೆದಿತ್ತು. ಎಲ್ಲರನ್ನೂ ಹೊರಗೆ ಓಡಿಸಿ ಅವನು ಮೋಟಾರು ನಿಲ್ಲಿಸಿ, ವಾಲ್ವ್ ಮುಚ್ಚಲು ಒಳಗೆ ಹೋಗಿದ್ದ. ಅನಿಲದ ಧಾರೆ ಮುಖಕ್ಕೇ ಬಡಿದಿತ್ತು.

ನಾನು ಅವನ ತಲೆ ಹಿಡಿದುಕೊಂಡೆ. ನನ್ನ ದನಿ ಗುರುತಿಸಿದ.

“ಕಾಕ, ವಾಲ್ವ್ ಬಂದಾಯ್ತಲ್ವಾ? ಒಮ್ಮೆ ನೋಡಿ.”

ನೋಡಲು ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ವಾಲ್ವ್ ಮುಚ್ಚಿತ್ತು. ಪೂರ್ತಿ ಮುಚ್ಚಿದ್ದ. ಹೊರಗೆ ಬರುವಾಗ ಕಟೌಟ್ ಇದ್ದ ಪ್ಯಾನೆಲಿನ ಮುಂದೆ ನಿಂತೆ. ಸ್ಕ್ರೂವಿಗೆ ಬೆರಳು ಹಚ್ಚಿದ ಕೂಡಲೇ ಗೊತ್ತಾಯಿತು: ನನ್ನ ಅರ್ಧದ ಮೇಲೆ ಇನ್ನೂ ಕಾಲು ಇದೆ. ಕಟೌಟ್ ಮತ್ತೆ ಬಿದ್ದಿರಬೇಕು; ನಾನು ಎಂದಿನಂತೆ ಇಳಿಸಿ ಹೋಗಿದ್ದೇನೆ ಎಂದು ನಂಬಿ ಅವನೂ ತನ್ನ ಕಾಲು ಸುತ್ತು ಕೊಟ್ಟಿದ್ದ. ಕಣ್ಣಲ್ಲಿ ನೀರು, ಉಸಿರು ಕಟ್ಟುತ್ತಿದೆ. ಆಗ ನನ್ನ ಕೈ ಒಂದು ಕೆಲಸ ಮಾಡಿತು. ಅಲ್ಲ, ಕೈಯ ಮೇಲೆ ಹಾಕಬಾರದು, ನಾನು ಮಾಡಿದೆ. ಸ್ಕ್ರೂ ಡ್ರೈವರ್ ತೆಗೆದು ನನ್ನ ಅರ್ಧ ಸುತ್ತನ್ನು ಇಳಿಸಿದೆ. ಅವನ ಕಾಲು ಸುತ್ತನ್ನು ಹಾಗೇ ಬಿಟ್ಟೆ. ಏರಿಸಿದವನೇ ಇಳಿಸಬೇಕು. ಪದ್ಧತಿಯಂತೆ ನಡೆದುಕೊಂಡೆ.

ಮರುದಿನ ಮಸ್ಕತ್ತಿನಿಂದ ಎಂಜಿನಿಯರ್ ಬಂದರು. ಧಾರವಾಡ ಕಡೆಯವರು, ಒರಟಾಗಿ ಮಾತಾಡದ ಮನುಷ್ಯ. ಗ್ಯಾಸ್ಕೆಟಿನ ಚೂರುಗಳನ್ನು ನೋಡಿದರು, ಕಟೌಟನ್ನು ಬಿಚ್ಚಿ ಪರೀಕ್ಷಿಸಿದರು.

“ಕಾಲು ಸುತ್ತು ಜಾಸ್ತಿ ಐತಲ್ರೀ. ಯಾರು ತಿರುವಿದ್ರು?”

“ನಾನು ಹೋಗುವಾಗ ಸರಿ ಇತ್ತು ಸರ್.”

ನಾನು ಹೇಳಿದ ಸುಳ್ಳು ಅದೊಂದೇ ವಾಕ್ಯ. ಉದ್ದದ ಸುಳ್ಳು ಬೇಕಾಗಲೇ ಇಲ್ಲ.

“ಕಾಲು ಸುತ್ತಿಗೆ ಇಷ್ಟ ಆಗೂದಿಲ್ರೀ…” ಎಂದು ಅವರು ನನ್ನ ಮುಖ ನೋಡಿದರು. ನಾನು ಗೇಜು ನೋಡಿದೆ. “ಇರ್ಲಿ ಬಿಡ್ರಿ, ಗ್ಯಾಸ್ಕೆಟ್ ಹಳೇದು. ಅಂವಾ ಡ್ಯೂಟಿಗಿಂತ ಮೊದ್ಲ ಯಾಕ ಬಂದಿದ್ದಾ?”

“ಗೊತ್ತಿಲ್ಲ ಸರ್.”

ತಪ್ಪಾಯಿತು, ಎರಡು ವಾಕ್ಯ.

ಆಸ್ಪತ್ರೆಗೆ ಹೋದೆ. ಎರಡೂ ಕಣ್ಣಿಗೆ ಪಟ್ಟಿ. ಒಂದು ಉಳಿಯಬಹುದು, ಇನ್ನೊಂದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನಾನು ಮಾತಾಡುವ ಮೊದಲೇ ಅವನು ಕೈ ಚಾಚಿದ.

“ಕಾಕ, ತಪ್ಪಾಯ್ತು.”

“ಎಂಥದ್ದು ಮಾರಾಯ?”

“ಸ್ಕ್ರೂ ನಾನೇ ತಿರುವಿದ್ದು. ನೀವು ಇಳಿಸಿ ಹೋದದ್ದನ್ನು ಪುನಃ ಏರಿಸಿದೆ. ಕಾಲು ಸುತ್ತು ಅಂತಲೇ ಎಣಿಸಿದೆ, ಕೈ ಜಾಸ್ತಿ ಹೋಯಿತೋ ಏನೋ. ಇಂಜಿನಿಯರಿಗೆ ಎಲ್ಲ ಹೇಳಿದ್ದೇನೆ. ಜುಮ್ಮಾದ ವಿಷಯ ಹೇಳ್ಲಿಲ್ಲ. ನಿಮ್ಮ ತಲೆಗೆ ಯಾಕೆ ಅದು? ಸುಮ್ಮನೆ ಬೇಗ ಬಂದಿದ್ದೆ ಅಂದೆ. ನಿಮಗೆ ನನ್ನಿಂದ ತೊಂದರೆ ಆಯ್ತಲ್ಲ ಕಾಕ…”

ಓದುತ್ತಿರುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಕಣ್ಣು ಕಳೆದುಕೊಂಡವನು, ಅದನ್ನು ಕಳೆದವನ ಹತ್ತಿರ ಕ್ಷಮೆ ಕೇಳುತ್ತಿದ್ದಾನೆ. ಬಾಯಿಬಿಟ್ಟು ‘ನನ್ನ ಅರ್ಧ ಸುತ್ತು ಅದರಲ್ಲಿತ್ತು’ ಎಂದರೆ ಮುಗಿಯುತ್ತಿತ್ತು. ನಾನು ಅವನ ಕೈ ತಟ್ಟಿ, “ಇರಲಿ ಬಿಡು, ಆದದ್ದು ಆಯಿತು” ಎಂದೆ. ಅವನನ್ನು ಕ್ಷಮಿಸಿಬಿಟ್ಟೆ!

ಅವನನ್ನು ಊರಿಗೆ ಕಳಿಸಿದರು. ವೀಸಾ ಕ್ಯಾನ್ಸಲ್, ಖಲಾಸ್.

ಪ್ಲಾಂಟು ರಿಪೇರಿಯಾಯಿತು. ಹೊಸ ಗ್ಯಾಸ್ಕೆಟ್ ಹಾಕಿದೆವು. ಜಾಯಿಂಟುಗಳ ಹತ್ತಿರ ಗಂಧಕದ ಕಡ್ಡಿ ಉರಿಸಿ ಹಿಡಿದು, ಬಿಳಿ ಹೊಗೆ ಏಳುವಲ್ಲೆಲ್ಲ ಸೋರಿಕೆ ಪತ್ತೆ ಮಾಡಿ ಬಿಗಿ ಮಾಡಿದೆವು. ಎಂಜಿನಿಯರ್ ಕಟೌಟನ್ನು ಸರಿಯಾದ ಮಿತಿಗೆ ಇಟ್ಟರು. ನಾನು ಸ್ಕ್ರೂವಿನ ಮೇಲೆ ತಗಡಿನ ಪಟ್ಟಿ ಕೂರಿಸಿ, ತಂತಿ ಸುತ್ತಿ, ಸೀಸದ ಗುಂಡು ಒತ್ತಿ ಮೊಹರು ಮಾಡಿದೆ. ಅದನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ.

ಚಾಲು ಮಾಡಿದ ದಿನವೇ ಮಧ್ಯಾಹ್ನ ಕಟೌಟ್ ಬಿತ್ತು. ಕಂಡೆನ್ಸರಿನ ಸುಣ್ಣ ಇದ್ದಲ್ಲೇ ಇತ್ತಲ್ಲ. ಗೇಟಿನಲ್ಲಿ ಪಿಕಪ್‌ಗಳ ಹಾರನ್ನು. ಕಫೀಲ್ ತಾವೇ ಬಂದು ನಿಂತಿದ್ದರು.

“ಸ್ವಲ್ಪ ಅಡ್ಜಸ್ಟ್ ಮಾಡ್ರಲ್ಲ,” ಎಂದರು ಎಂಜಿನಿಯರ್, ದನಿ ತಗ್ಗಿಸಿ. “ಸಂಜೀಮಟ ಅಷ್ಟ. ನಾಳೆ ನೋಡೂಣು.”

“ಆಗುವುದಿಲ್ಲ ಸರ್.”

“ಅಂದ್ರ?”

“ಮೊಹರು ಒಡೆಯುವುದಾದರೆ ನೀವೇ ಒಡೆಯಿರಿ. ಈ ಜನರ ಮುಂದೆ ಒಡೆಯಿರಿ. ನಾನು ಸ್ಕ್ರೂ ಮುಟ್ಟುವುದಿಲ್ಲ, ಮುಟ್ಟುವವನ ಜೊತೆ ಒಳಗೆ ನಿಲ್ಲುವುದೂ ಇಲ್ಲ.”

ಕಫೀಲರಿಗೆ ವಿಷಯ ತಿಳಿಯಿತು. “ತುಮ್ ಮಾಲಿಕ್ ಹೈ ಯಾ ಮೈ?” ಎಂದು ಗುಡುಗಿದರು.

“ಮಾಲಿಕ್ ಆಪ್. ಮಗರ್ ಅಂದರ್ ಆದ್ಮಿ ಖಡಾ ಹೈ, ಮಾಲಿಕ್ ನಹೀ,” ಎಂದೆ. ಒಳಗೆ ನಿಲ್ಲುವವರು ಆಳುಗಳು, ನೀವಲ್ಲ ಎಂದು. ಆ ಹಿಂದಿ ನನಗೆ ಎಲ್ಲಿಂದ ಬಂತೋ. ಬಂಗಾಳಿಗಳು ಕೊಕ್ಕೆ ಕೆಳಗಿಟ್ಟು ನನ್ನ ಹಿಂದೆ ಬಂದು ನಿಂತರು. ನಾನು ಮೇನ್ ಸ್ವಿಚ್ ಎಳೆದು ಬೀಗ ಹಾಕಿ, ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡೆ. “ಕಂಡೆನ್ಸರ್ ತೊಳೆದ ಮೇಲೆ ಇದು ಸಿಗುತ್ತದೆ.”

ಮೀನುಗಾರರು ಬೈದರು. ಒಬ್ಬ ಮುದುಕ ನನ್ನ ಕಾಲಬುಡಕ್ಕೆ ಉಗುಳಿದ. ಉಗುಳಲಿ. ಅವನ ಮೀನು ಹಾಳಾಗುತ್ತಿತ್ತು, ಅವನ ಸಿಟ್ಟು ನ್ಯಾಯದ್ದೇ. ಆದರೂ ನಾನು ಅಲ್ಲಾಡಲಿಲ್ಲ. ಕೊನೆಗೆ ಆಸಿಡ್ ಬಂತು, ಕೊಳವೆ ತೊಳೆದರು, ಸುಣ್ಣ ಚಕ್ಕೆ ಚಕ್ಕೆಯಾಗಿ ಬಿತ್ತು. ಆಮೇಲೆ ಮಷಿನ್ ಓಡಿದಾಗ ಮುಳ್ಳು ಕೆಂಪು ಗೆರೆಯಿಂದ ದೂರ, ಶಾಂತವಾಗಿ ನಿಂತಿತ್ತು. ಅಷ್ಟು ವರ್ಷಗಳಲ್ಲಿ ನಾನು ಅದನ್ನು ಅಲ್ಲಿ ನೋಡಿರಲಿಲ್ಲ. ಅವತ್ತು ಮಾಡಿದ್ದಕ್ಕೆ ನನಗೆ ಕಿಂಚಿತ್ತೂ ವಿಷಾದವಿಲ್ಲ. ಇವತ್ತು ಅದೇ ಗೇಟಿನಲ್ಲಿ ನಿಲ್ಲಿಸಿದರೂ ಅದೇ ಬೀಗ ಹಾಕುತ್ತೇನೆ.

ಆದರೆ ಸಂಜೆ ಎಂಜಿನಿಯರ್ ಎಲ್ಲರ ಮುಂದೆ ನನ್ನ ಕೈ ಕುಲುಕಿ ಹೇಳಿದರು: “ಗಟ್ಟಿ ಮನುಷ್ಯಾರಿ ನೀವು. ಆ ಆಪರೇಟರಗ ನಿಮ್ಮಷ್ಟ ಜವಾಬ್ದಾರಿ ಇದ್ದಿದ್ರ ಅವನ ಕಣ್ಣು ಉಳೀತಿತ್ತು.”

ಕೀಲಿ ಇನ್ನೂ ನನ್ನ ಕೈಯಲ್ಲಿತ್ತು. ಕಫೀಲನಿಗೆ ಹೆದರದವನು, ಮೀನುಗಾರರಿಗೆ ಹೆದರದವನು, ಆ ಮಾತಿಗೆ ತಲೆ ಬಗ್ಗಿಸಿದೆ. ಜನ ಅದನ್ನು ವಿನಯ ಎಂದುಕೊಂಡರು. ಆ ಕತೆ ನನ್ನ ಜೊತೆ ಹಮ್ರಿಯಾದವರೆಗೆ ಬಂತು. ಚಹಾ ಅಂಗಡಿಯಲ್ಲಿ ಈಗಲೂ ಯಾರಾದರೂ “ಕಫೀಲನ ಎದುರು ಬೀಗ ಹಾಕಿದ ಕಾಕ ಇವರೇ” ಎನ್ನುತ್ತಾರೆ. ನಾನು ಚಹಾ ಕುಡಿಯುತ್ತೇನೆ.

ಊರಿನಿಂದ ಬಂದವರೊಬ್ಬರು ಅವನ ಸುದ್ದಿ ಹೇಳಿದ್ದರು. ಬದುಕಿದ್ದಾನೆ. ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾನಂತೆ, ಒಂದೇ ಕಣ್ಣಿನಲ್ಲಿ. ಏನಾಯಿತು ಎಂದು ಯಾರಾದರೂ ಕೇಳಿದರೆ, “ನನ್ನದೇ ಕೈ ಮಾರಾಯ, ಬೇರೆ ಯಾರಿಗೆ ಹೇಳುವುದು?” ಎಂದು ನಗುತ್ತಾನಂತೆ. ದೋಣಿಯ ಎಂಜಿನ್ ಮುಟ್ಟಲು ಕರೆದರೆ ಹೋಗುವುದಿಲ್ಲವಂತೆ. ತನ್ನ ಕೈಯ ಮೇಲೆ ಅವನಿಗೆ ನಂಬಿಕೆ ಹೋಗಿದೆ. ಒಂದು ಕಣ್ಣನ್ನು ನಾನು ವಾಪಸು ಕೊಡಲಾರೆ. ಆ ನಂಬಿಕೆಯನ್ನು ಕೊಡಬಹುದಿತ್ತು. ಅದಕ್ಕೆ ಒಂದು ಫೋನು ಸಾಕಿತ್ತು. ಮಸೀದಿಯ ಬಾಗಿಲಲ್ಲಿ ಮಾಡದ ಫೋನನ್ನು ನಾನು ಇನ್ನೂ ಮಾಡಿಲ್ಲ.

ಇದನ್ನು ಬರೆಯುತ್ತೇನೆ ಎಂದಾಗ ತಂಗಿಯ ಮಗ ಪೆನ್ನನ್ನೇ ಕಿತ್ತುಕೊಂಡ.

“ನಿಮಗೆ ಮಂಡೆ ಸರಿ ಉಂಟಾ ಮಾಮ? ಹಳೆಯದನ್ನೆಲ್ಲ ಯಾಕೆ ಕೆದಕುವುದು? ಅವನೇ ಸುಮ್ಮನಿದ್ದಾನೆ. ಜನ ನಿಮ್ಮ ಬಗ್ಗೆ ಎಂಥ ಹೇಳಿಯಾರು? ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.”

“ಪೆನ್ನು ಕೊಡು,” ಎಂದೆ.

“ಮಾಮ…”

“ಇಷ್ಟು ವರ್ಷ ಅದನ್ನೇ ಮಾಡಿದೆ. ಇನ್ನು ಮಾಡುವುದಿಲ್ಲ. ಪೆನ್ನು ಕೊಡು.”

ಕೊಟ್ಟ. ಅವನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಕೊಡಬೇಕಿದ್ದ ವಾಕ್ಯ ಇದು: ನಾನು ಸ್ಕ್ರೂ ಅಡ್ಜಸ್ಟ್ ಮಾಡಿದೆ, ಇನ್ನೊಬ್ಬ ಅದಕ್ಕೆ ಅಡ್ಜಸ್ಟ್ ಆದ. ಮಾರ್ಕು ಸಿಗುತ್ತದೋ ಇಲ್ಲವೋ, ವ್ಯಾಕರಣವನ್ನು ಟೀಚರು ನೋಡಿಕೊಳ್ಳಲಿ.

ಇದನ್ನು ನಿಮಗೆ ಹೇಳಿದರೆ ಅವನಿಗೆ ಹೇಳಿದ ಹಾಗಾಗುವುದಿಲ್ಲ ಎಂದು ನನಗೆ ಗೊತ್ತು. ಅಚ್ಚಾದ ಮೇಲೆ ನಾನು ಹಿಂದೆ ಸರಿಯುವ ಹಾಗಿಲ್ಲ, ಅದಕ್ಕೇ ಮೊದಲು ನಿಮಗೆ ಹೇಳಿದೆ. ನಂಬರು ನನ್ನ ಹತ್ತಿರ ಇದೆ. ಅವನು ಬೈದರೆ ಕೇಳುತ್ತೇನೆ. ಕ್ಷಮಿಸದಿದ್ದರೆ ಅದು ಅವನ ಹಕ್ಕು. ಅವನ ಕಾಲು ಸುತ್ತಿಗೆ ಏನೂ ಆಗುತ್ತಿರಲಿಲ್ಲ, ಅವನ ಕೈ ಜಾಸ್ತಿ ಹೋಗಿರಲಿಲ್ಲ. ಇಷ್ಟು ಅವನ ಕಿವಿಗೆ ಬೀಳಬೇಕು, ನನ್ನ ಬಾಯಿಂದಲೇ ಬೀಳಬೇಕು.

ಇಲ್ಲಿಯವರೆಗೆ ಅವನನ್ನು ಆಪರೇಟರ್ ಎಂದೇ ಬರೆದೆ. ಅದೂ ನನ್ನ ಹಳೆಯ ಚಾಳಿಯೇ. ಅವನಿಗೆ ಹೆಸರಿದೆ.

ದಯಾನಂದ.